ಕಾಲು

ಶುಕ್ರವಾರ ಗಂಜಿ ಬಸಿಯುವಾಗ ಹಿಡಿದ ಬಟ್ಟೆ ಜಾರಿತು.
ನೂರಾ ಹದಿನೆಂಟು ಮಕ್ಕಳ ಅನ್ನದ ತಿಳಿ
ಎಡಗಾಲ ಮೇಲೆ.
ಅನ್ನ ಚೆಲ್ಲಲಿಲ್ಲ. ನಾನು ಮೊದಲು ನೋಡಿದ್ದು ಅದನ್ನೇ,
ಓಡಿ ಬಂದ ಹೆಡ್ಮಾಸ್ತರು ಮೊದಲು ಕೇಳಿದ್ದೂ ಅದನ್ನೇ.

ಭಾನುವಾರ ಕಾರವಾರದಲ್ಲಿ ಬಿಸಿಯೂಟದವರ ಅಧಿವೇಶನ.
ಬೆಲಂಬಾರದಿಂದ ಹೋಗುವವಳು ನಾನೊಬ್ಬಳೇ,
ಊಟದ ಕೂಪನ್ನಿಗೆ ಐವತ್ತು ಕೊಟ್ಟಾಗಿತ್ತು,
ಬ್ಯಾಜಿನ ಮೇಲೆ ಬುದವಂತಿ ಗೌಡ ಎಂದು
ಮಾಸ್ತರಿಂದ ದುಂಡಗೆ ಬರೆಸಿಯೂ ಆಗಿತ್ತು.
ಬಲಗಾಲಿಗೆ ನನ್ನ ಚಪ್ಪಲಿ, ಎಡಗಾಲಿಗೆ ಗಂಡನದು.
ಒಂದು ಟಪ್ಪೆಂದರೆ ಇನ್ನೊಂದು ಸರ್ರೆನ್ನುತ್ತದೆ.
ಕಂಡಕ್ಟರು ಸೊನ್ನೆಯ ಟಿಕೆಟ್ಟು ಹರಿದು ಕೊಟ್ಟು
ಅರ್ಗಾದ ಉದ್ದ ಗೋಡೆ ಮುಗಿಯುವ ತನಕ
ನನ್ನ ಪಾದವನ್ನೇ ನೋಡುತ್ತ ನಿಂತ,
ಬೊಬ್ಬೆಗೆ ಹಚ್ಚಿದ ಹಳದಿ ಮುಲಾಮು
ಅವನಿಗೇ ಉರಿಯುತ್ತಿದ್ದ ಹಾಗೆ.

ಸಭಾಭವನದ ತುಂಬ ಕೈಸುಟ್ಟ ಹೆಂಗಸರು.
ಯಾರ ಮೊಣಕೈ ನೋಡಿದರೂ
ಒಂದು ಹಳೆಯ ಒಗ್ಗರಣೆಯ ಕಲೆ.
ನಮ್ಮ ಊಟಕ್ಕೆ ಹೊರಗಿನಿಂದ ಅಡುಗೆಯವರು!
ಸಾರಿಗೆ ಉಪ್ಪು ಕಡಿಮೆ ಎಂದು
ಮುನ್ನೂರು ನಾಲಿಗೆಗಳು ಒಟ್ಟಿಗೇ ಹೇಳಿದವು,
ಬೆಳಗಿನಿಂದ ಅಷ್ಟು ಒಗ್ಗಟ್ಟು ಬೇರೆಲ್ಲೂ ಕಾಣಲಿಲ್ಲ.

ಹಿಂದಿನ ಸಾಲಿನಲ್ಲಿ ನಾನು.
ಎದುರಿನ ಕುರ್ಚಿಯ ಮೇಲೆ ಕಾಲು, ಕಾಲಡಿಗೆ ಚೀಲ,
ಪಕ್ಕದಲ್ಲಿ ಮಾಜಾಳಿಯ ಇನಾಸಿನಬಾಯಿ
ಸ್ವಾಗತ ಭಾಷಣದ ಹಾಳೆಯಿಂದ ನನ್ನ ಪಾದಕ್ಕೆ ಗಾಳಿ ಹಾಕುತ್ತಿದ್ದಳು.
ಕಿಟಕಿಯಾಚೆ ಸಮುದ್ರ. ಡಾಕ್ಟರು
ನೀರು ಸೋಕಿಸಬೇಡ ಎಂದಿದ್ದಾರೆ,
ನೋಡಬೇಡ ಎಂದಿಲ್ಲ.

ನಾಲ್ಕು ಗಂಟೆಗೆ ಠರಾವು:
ಐನೂರು ಹೆಚ್ಚಿಸಿದ್ದಾರೆ,
ಕೃತಜ್ಞತೆಯಿಂದ ಸ್ವೀಕರಿಸೋಣ,
ಒಪ್ಪಿದವರು ಎದ್ದು ನಿಲ್ಲಿ.
ಕುರ್ಚಿಗಳು ಕಿರುಗುಟ್ಟಿದವು, ಸೀರೆಗಳು ಎದ್ದವು,
ಕಾಡಿನೊಳಗೆ ಕೂತವಳಂತೆ ನಾನು.
ಏಳಹೋದೆ. ಹೆಬ್ಬೆರಳು ನೆಲಕ್ಕೆ ತಾಗಿ
ಕಣ್ಣಲ್ಲಿ ಬೆಂಕಿಕಡ್ಡಿ ಗೀರಿದಂತಾಯಿತು. ಕೂತೆ.

"ಒಂದು ವಿರೋಧ ಇದೆ," ಎಂದಿತು ವೇದಿಕೆ.
ಎಲ್ಲ ಜಡೆಗಳೂ ತಿರುಗಿ ಮುಖಗಳಾದವು.
ಹುಡುಗನೊಬ್ಬ ವಯರು ಎಳೆಯುತ್ತ ಬಂದು
ಮೈಕು ನನ್ನ ಬಾಯಿಗೆ ಹಿಡಿದ.
"ಕಾರಣ ಹೇಳಿ, ತಾಯಿ."

ಬಾಯಿ ಒಣಗಿತ್ತು. "ಕಾಲು," ಎಂದೆ.

ಅಷ್ಟೇ ಬಂತು.
ಸುಟ್ಟಿದೆ ಅನ್ನುವಷ್ಟರಲ್ಲಿ ಮೈಕು ಕೀರಿತು,
ಹುಡುಗ ಗಾಬರಿಯಾಗಿ ಹಿಂದೆ ಸರಿದ.
ಮುಂದೆ ಯಾರೋ, ಹಳಿಯಾಳದ ಕಡೆಯವರಿರಬೇಕು,
ದೊಡ್ಡ ದನಿಯಲ್ಲಿ:
"ಖರೇ ಐತಿ! ಎರಡು ಸಾವಿರ ಕೇಳಿದ್ವಿ,
ಕೊಟ್ಟಿದ್ದು ಕಾಲು!
ಬರೇ ಕಾಲು!"

ಇನಾಸಿನಬಾಯಿ ನನ್ನನ್ನೊಮ್ಮೆ, ನನ್ನ ಪಾದವನ್ನೊಮ್ಮೆ ನೋಡಿ
ಮೆಲ್ಲಗೆ ಕೂತಳು.
ಅವಳ ಹಿಂದೆ ಇಬ್ಬರು. ಆಮೇಲೆ ಒಂದು ಅರೆಸಾಲು.
ಇಡೀ ಸಭೆ ಕೂತಿತೆಂದು ಊರಲ್ಲಿ ಹೇಳಿದ್ದೇನೆ, ಸುಳ್ಳು.
ಕೂತವರು ನಲವತ್ತೋ ನಲವತ್ತೊಂದೋ.
ಠರಾವು ಗೆದ್ದಿತು.
ಆದರೆ ಟೈಪು ಮಾಡಿ ತಂದಿದ್ದ ಹಾಳೆಯಲ್ಲಿ
ಕಾರ್ಯದರ್ಶಿ ಶಾಲಿನಿ ರಾಣೆ
"ಸರ್ವಾನುಮತದಿಂದ" ಎಂಬುದನ್ನು ಹೊಡೆದು ಹಾಕಿ
ಮೇಲೆ ಸಣ್ಣಕ್ಷರದಲ್ಲಿ ಬೇರೆ ಏನೋ ಬರೆದರು,
ಪೆನ್ನು ಬರೆಯದೆ ಎರಡು ಸಲ ಕೊಡವಿ.

ಬಸ್ ಸ್ಟ್ಯಾಂಡಿನವರೆಗೆ ಹೆಗಲು ಕೊಟ್ಟವಳು ಕೇಳಿದಳು:
"ನಿಜ ಹೇಳು, ಕಾಲು ನೆಟ್ಟಗಿದ್ದರೆ?"
ಎದ್ದಿರುತ್ತಿದ್ದೆ, ಎಂದೆ.
ಎಲ್ಲರೂ ಎದ್ದರೆ ನಾನೂ ಏಳುವವಳೇ,
ಇಪ್ಪತ್ತು ವರ್ಷದಿಂದ.

ಬಿಣಗಾ ಏರುವಾಗ ಕತ್ತಲು.
ಮೂರನೇ ಕ್ಲಾಸಿಗೆ ಶಾಲೆ ಬಿಟ್ಟವಳ ಬಾಯಲ್ಲಿ
ಉಳಿದದ್ದು ಅಪ್ಪ ಕಲಿಸಿದ ಕಾಲುಮಗ್ಗಿ ಒಂದೇ.
ಒಂದು ಕಾಲು ಕಾಲು,
ಎರಡು ಕಾಲು ಅರೆ,
ಮೂರು ಕಾಲು ಮುಕ್ಕಾಲು...
ಡ್ರೈವರು ಬ್ರೇಕು ಒತ್ತಿದ.
ಗಂಡನ ಚಪ್ಪಲಿ ಕಳಚಿ ಸೀಟುಗಳ ಅಡಿಯಲ್ಲಿ
ಮುಂದಕ್ಕೆ ಮುಂದಕ್ಕೆ ಜಾರಿಹೋಯಿತು.
ಯಾರೋ ಎತ್ತಿ, ಇದು ಯಾರದು, ಎಂದು ಕೇಳುತ್ತಿದ್ದಾರೆ.
ಕೂತಲ್ಲಿಂದಲೇ ಕೈ ಎತ್ತಿದೆ.